ಕಪ್ಪು ಮುದ್ದೆಗೆ ಹೆಸರಿಡೋ ಅವಸರ

ನೇರವಾಗಿ ವಿಷಯಕ್ಕೇ ಬರ್ತೀನಿ. ಮುಂದಿನ ಫೆಸ್ಟ್‌ನಲ್ಲಿ ಮತ್ತೆ ಬಯೋಬ್ಲಿಟ್ಜ್ ಇಡೋದಾದರೆ ಅದರ ಅಂಕದ ನಿಯಮ ಬದಲಾಗಬೇಕು.

ಕಳೆದ ಸಲ ಬಾರದೇ ಇದ್ದವರಿಗೆ ಸ್ವಲ್ಪ ಹಿನ್ನೆಲೆ. ಬಯೋಬ್ಲಿಟ್ಜ್ ಅಂದ್ರೆ ಒಂದು ಜಾಗದಲ್ಲಿ, ಕೊಟ್ಟ ಸಮಯದಲ್ಲಿ, ಎಷ್ಟು ಬಗೆಯ ಜೀವಿಗಳು ಕಾಣ್ತವೋ ಅಷ್ಟನ್ನೂ ದಾಖಲಿಸೋ ಆಟ. ನಮ್ಮದು ಕಡಲತೀರದ ಬಂಡೆಗಳ ಮೇಲೆ ನಡೀತು. ಫೋಟೋ ತೆಗೆಯೋದು, ಆಪ್‌ಗೆ ಹಾಕೋದು, ಅದು ಕೊಡೋ ಹೆಸರಿನ ಸ್ಕ್ರೀನ್‌ಶಾಟ್ ಸಲ್ಲಿಸೋದು. ಸ್ಪೀಶೀಸ್‌ವರೆಗೆ, ಅಂದ್ರೆ ಪ್ರಭೇದದ ಪೂರ್ತಿ ಹೆಸರು ಹೇಳಿದರೆ ಐದು ಅಂಕ. ಜೀನಸ್‌ಗೆ ನಿಲ್ಲಿಸಿದರೆ ಎರಡು. ಗೊತ್ತಿಲ್ಲ ಅಂದ್ರೆ ಸೊನ್ನೆ.

ಇಂಥ ನಿಯಮ ಇಟ್ಟರೆ ಏನಾಗುತ್ತೆ ಅಂತ ಹೇಳೋಕೆ ಗೇಮ್ ಥಿಯರಿ ಓದಬೇಕಿಲ್ಲ. ಎಲ್ಲರಿಗೂ ಎಲ್ಲದರ ಪೂರ್ತಿ ಹೆಸರು ಗೊತ್ತಿತ್ತು! ಒಂದೇ ಹೊಂಡದಲ್ಲಿ ಬಂಡೆಗೆ ಅಂಟಿಕೊಂಡಿದ್ದ ಒಂದೇ ಕಪ್ಪು ಮುದ್ದೆಗೆ ಎರಡು ತಂಡ ಎರಡು ಹೆಸರು ಕೊಟ್ಟವು. ಒಬ್ಬರದ್ದು ಡೆಂಡ್ರೊಡೋರಿಸ್ ನೈಗ್ರಾ, ಇನ್ನೊಬ್ಬರದ್ದು ಡೆಂಡ್ರೊಡೋರಿಸ್ ಫ್ಯುಮೇಟಾ. ಎರಡಕ್ಕೂ ಸ್ಕ್ರೀನ್‌ಶಾಟ್ ಇತ್ತು, ಎರಡಕ್ಕೂ ಐದೈದು ಅಂಕ ಬಿತ್ತು. ಆ ಮುದ್ದೆಗೆ ಮಾತ್ರ ತಾನು ಯಾರು ಅಂತ ಗೊತ್ತಿತ್ತು ಅನ್ಸುತ್ತೆ.

ಆ ಮುದ್ದೆ ಒಂದು ಸೀ ಸ್ಲಗ್. ಮಳೆಗಾಲದಲ್ಲಿ ಹಿತ್ತಲ ಗೋಡೆ ಮೇಲೆ ಲೋಳೆಯ ಗೆರೆ ಎಳೆದುಕೊಂಡು ಹೋಗೋ ಸಿಂಬಳದ ಹುಳ ನೋಡಿರ್ತೀರಲ್ಲ, ಅದರ ಕಡಲಿನ ದೂರದ ಸಂಬಂಧಿ. ಬಸವನಹುಳುವಿನ ಬಳಗವೇ, ಆದರೆ ಬೆನ್ನ ಮೇಲೆ ಚಿಪ್ಪಿಲ್ಲ, ಅಥವಾ ಹೆಸರಿಗಷ್ಟೇ ಇದೆ. ಮೊಟ್ಟೆಯಿಂದ ಹೊರಬಂದ ಮರಿಗೆ ಪುಟ್ಟ ಚಿಪ್ಪು ಇರುತ್ತೆ. ಬಹಳಷ್ಟು ಬಗೆಗಳು ಬೆಳೆಯುವಾಗ ಅದನ್ನ ಬಿಟ್ಟುಬಿಡ್ತವೆ. ಚಿಪ್ಪು ಹೋದ ಮೇಲೆ ಬದುಕೋಕೆ ಬೇರೆ ದಾರಿ ಬೇಕಲ್ಲ. ಕೆಲವು ಬಾಯಿಗೆ ಹಾಕೋಕಾಗದಷ್ಟು ಕೆಟ್ಟ ರುಚಿ ಇಟ್ಕೊಂಡಿವೆ. ಕೆಲವು ತಾವು ತಿನ್ನೋ ಸ್ಪಂಜಿನ ವಿಷವನ್ನೇ ಮೈಯಲ್ಲಿ ಸೇರಿಸಿಕೊಳ್ತವೆ. ಬೆನ್ನ ತುಂಬಾ ಬೆರಳಿನಂಥ ಎಳೆಗಳಿರೋ ಇನ್ನೊಂದು ಗುಂಪು ಹೈಡ್ರಾಯ್ಡ್‌ನಂಥ ಚುಚ್ಚೋ ಪ್ರಾಣಿಗಳನ್ನ ತಿಂದು, ಅವುಗಳ ಚುಚ್ಚುಕೋಶಗಳನ್ನ ಸಿಡಿಯದ ಹಾಗೇ ಸಾಗಿಸಿ ಆ ಎಳೆಗಳ ತುದಿಯಲ್ಲಿ ಇಟ್ಟುಕೊಳ್ಳುತ್ತೆ. ಶತ್ರುವಿನ ಗನ್ ಕಿತ್ತು ತನ್ನ ಬೆಲ್ಟಿಗೆ ಸಿಕ್ಕಿಸಿಕೊಂಡ ಹಾಗೆ.

ಸಿನಿಮಾ ಮಟ್ಟದ ಇಂಥ ಪ್ರಾಣಿಗಳು ನಮ್ಮ ಬಂಡೆಗಳ ಮೇಲೇ ಇವೆ. ಆದರೂ ನಮ್ಮಲ್ಲಿ ಹೆಚ್ಚಿನವರು ನೋಡಿಲ್ಲ. ಯಾಕಂದ್ರೆ ಹುಡುಕೋದು ಕಷ್ಟ, ಮತ್ತೆ ನಾವು ಹುಡುಕೋ ರೀತಿ ಸರಿ ಇಲ್ಲ.

ಮೊದಲ ತೊಡಕು ನೀರಿನದು. ಮುಂಬೈಯಲ್ಲಿ ದೊಡ್ಡ ಇಳಿತದ ದಿನ ನೀರು ನಾಲ್ಕು ಮೀಟರಿಗೂ ಹೆಚ್ಚು ಏರಿಳಿಯುತ್ತೆ. ಗುಜರಾತಿನ ಕಚ್ ಕೊಲ್ಲಿಯಲ್ಲಿ ಇನ್ನೂ ಜಾಸ್ತಿ. ಅಲ್ಲಿ ತೀರ ತೆರೆದುಕೊಂಡರೆ ಮೈದಾನದ ಹಾಗೆ ನಡೆದುಕೊಂಡು ಹೋಗಬಹುದು. 2017ರಿಂದ ಮುಂಬೈಯಲ್ಲಿ ಮರೀನ್ ಲೈಫ್ ಆಫ್ ಮುಂಬೈ ಅನ್ನೋ ಗುಂಪು ಊರ ಜನರನ್ನ ಹೀಗೆ ತೀರದಲ್ಲಿ ನಡೆಸಿಕೊಂಡು ಹೋಗಿ, ಅಷ್ಟು ದೊಡ್ಡ ನಗರದ ಪಕ್ಕದಲ್ಲೇ ಸೀ ಸ್ಲಗ್ ತೋರಿಸ್ತಾ ಇದೆ. ನಮ್ಮ ಕರಾವಳಿಯಲ್ಲಿ ಏರಿಳಿತ ದೊಡ್ಡ ದಿನಗಳಲ್ಲೂ ಸುಮಾರು ಒಂದೂವರೆ ಮೀಟರ್ ಅಷ್ಟೇ. ತೆರೆದುಕೊಳ್ಳೋ ಬಂಡೆಯ ಪಟ್ಟಿ ಕಿರಿದು, ಸಿಗೋ ಸಮಯ ಕಡಿಮೆ. ಅಂದ್ರೆ ‘ಭಾನುವಾರ ಎದ್ದಾಗ ಹೋಗೋಣ’ ಅಂದ್ರೆ ಆಗಲ್ಲ ಗುರು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ಎರಡು ಮೂರು ದಿನ ಹಿಡೀಬೇಕು, ಟೈಡ್ ಟೇಬಲ್ ನೋಡಬೇಕು, ನೀರು ಪೂರ್ತಿ ಇಳಿಯೋಕೆ ಒಂದು ಗಂಟೆ ಮೊದಲೇ ಬಂಡೆ ಮೇಲಿರಬೇಕು. ಇಳಿಯೋ ನೀರಿನ ಹಿಂದೆ ಹೋಗಿ, ಅದು ತಿರುಗಿದ ಕೂಡಲೇ ವಾಪಸ್. ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗ್ತಾ ಇರುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಡೆ ತಲೆ ಹಾಕಲೇಬೇಡಿ. ನಮ್ಮ ಮಳೆಗಾಲದ ಕಡಲಿಗೆ ಬಂಡೆ ಮೇಲೆ ನಿಂತೋರು ಯಾರು ಅನ್ನೋ ಲೆಕ್ಕ ಇಲ್ಲ.

ಎರಡನೇ ತೊಡಕು ನಮ್ಮ ಕಣ್ಣಿನದು. ನಾವು ಪ್ರಾಣಿ ಹುಡುಕ್ತೀವಿ. ಹುಡುಕಬೇಕಾದ್ದು ಅದರ ಊಟ. ಬಹಳಷ್ಟು ಸೀ ಸ್ಲಗ್‌ಗಳಿಗೆ ಹಾಸ್ಟೆಲ್ ಮೆಸ್‌ನ ಹಾಗೆ ಒಂದೇ ಮೆನು: ಒಂದು ಬಗೆಗೆ ಒಂದು ಗುಂಪಿನ ಸ್ಪಂಜೇ ಬೇಕು, ಇನ್ನೊಂದಕ್ಕೆ ಒಂದು ಜಾತಿಯ ಹಸಿರು ಪಾಚಿಯೇ ಬೇಕು. ಆ ಸ್ಪಂಜು, ಆ ಪಾಚಿ ಎಲ್ಲಿದೆ ಅಂತ ನೋಡಿದರೆ ಹುಡುಕೋ ಜಾಗ ಹತ್ತು ಪಟ್ಟು ಕಡಿಮೆಯಾಗುತ್ತೆ. ಕುಂದಾಪುರದಿಂದ ಉತ್ತರಕ್ಕಿರೋ ಒಂದು ತೀರದಲ್ಲಿ ನಾವು ನಾಲ್ಕು ಜನ ಬಗ್ಗಿ ಬಗ್ಗಿ ಸೊಂಟ ನೋವು ಬರಿಸಿಕೊಂಡಿದ್ದಾಗ, ಬಂಡೆಯಿಂದ ಪಚ್ಚಿಲೆ ಕೀಳ್ತಾ ಇದ್ದ ಒಬ್ಬರು ಅಮ್ಮ ತಲೆ ಎತ್ತಿ ಕೇಳಿದರು: “ಎಂತ ಹುಡ್ಕುದ್ ಮಕ್ಳೆ?” ಆ ಕಡೆಯವನೇ ಆದ ನನ್ನ ಗೆಳೆಯ, “ಬಣ್ಣ ಬಿಡು ಹುಳ ಇರತ್ತಲೆ ಅಮ್ಮಾ, ಅದ್” ಅಂದ. “ಅದ್ ಇಲ್ ಸಿಕ್ಕುದಿಲ್ಲ. ಆಚಿ ಬದಿ, ಹಸ್ರ್ ಪಾಚಿ ಇಪ್ಪಲ್ಲಿ ಕಾಣಿ” ಅಂತ ಕೈ ತೋರಿಸಿ ಮತ್ತೆ ಕೆಲಸಕ್ಕೆ ಬಗ್ಗಿದರು. ಹೋಗಿ ನೋಡಿದರೆ ಅಲ್ಲೇ ಇತ್ತು ಸೀ ಹೇರ್, ಅಂಗೈ ಗಾತ್ರದ್ದು, ಪಾಚಿ ಮೇಯ್ತಾ ಇತ್ತು. ಅವರ ಹತ್ತಿರ ಲ್ಯಾಟಿನ್ ಹೆಸರಿರಲಿಲ್ಲ. ಎಲ್ಲಿ ಇರುತ್ತೆ, ಏನು ತಿನ್ನುತ್ತೆ, ಕೆಣಕಿದರೆ ಏನು ಮಾಡುತ್ತೆ ಅನ್ನೋದು ಇತ್ತು. ನಮ್ಮ ನಿಯಮದ ಪ್ರಕಾರ ಅವರಿಗೆ ಬರೋದು ಸೊನ್ನೆ.

ಹುಡುಕೋದರಲ್ಲಿ ಇನ್ನೊಂದು ಸುಳಿವು ಮೊಟ್ಟೆ. ಬಂಡೆಗೆ ರಿಬ್ಬನ್ ಸುತ್ತಿಟ್ಟ ಹಾಗೆ, ಬಿಳಿ ಅಥವಾ ಹಳದಿ ಬಣ್ಣದ ಸುರುಳಿ ಕಂಡರೆ ಇಟ್ಟವರು ಹತ್ತಿರದಲ್ಲೇ ಇರಬಹುದು. ಸೀ ಹೇರ್‌ನದಾದರೆ ಶಾವಿಗೆ ಗೊಂಚಲಿನ ಹಾಗಿರುತ್ತೆ. ಹೊಂಡದ ಪಕ್ಕ ನೆರಳು ಬೀಳದ ಹಾಗೆ ಕೂತು ಎರಡು ನಿಮಿಷ ಅಲ್ಲಾಡದೆ ನೋಡಿ. ಮೊದಲು ಏನೂ ಇರಲ್ಲ. ಆಮೇಲೆ ಸ್ಪಂಜಿನ ಒಂದು ತುಂಡು ನಿಧಾನಕ್ಕೆ ನಡೆಯೋಕೆ ಶುರು ಮಾಡುತ್ತೆ. ಬಹಳಷ್ಟು ನಿಮ್ಮ ಉಗುರಿಗಿಂತ ಚಿಕ್ಕವು. ಕಲ್ಲು ಮಗುಚಿದರೆ ಮೊದಲು ಇದ್ದ ಹಾಗೇ, ಅದೇ ಮುಖ ಕೆಳಗೆ ಮಾಡಿ ಇಡಿ. ಕಲ್ಲಿನಡಿ ನೆರಳಲ್ಲಿ ಬೆಳೆದ ಸ್ಪಂಜು ಬಿಸಿಲಿಗೆ ಬಿದ್ದರೆ ಸಾಯುತ್ತೆ, ಅದನ್ನ ನಂಬಿದ ಸ್ಲಗ್‌ನ ಕಥೆಯೂ ಮುಗೀತು. ಕಳೆದ ಬಯೋಬ್ಲಿಟ್ಜ್ ಆದ ಮೇಲೆ ಮಗುಚಿ ಬಿದ್ದಿದ್ದ ಕಲ್ಲುಗಳನ್ನ ನೋಡಿ ನನಗೆ ನಿಜವಾಗ್ಲೂ ಸಿಟ್ಟು ಬಂದಿತ್ತು. ಅದಕ್ಕೆ ಮೈನಸ್ ಅಂಕ ಯಾಕಿರಲಿಲ್ಲ?

ಈಗ ಗುರುತಿಸೋ ವಿಷಯ. ನೀರಿನಿಂದ ಹೊರಗೆ ಸೀ ಸ್ಲಗ್ ಅನ್ನೋದು ಒಂದು ಜೆಲ್ಲಿ ಮುದ್ದೆ. ನೀರಿನೊಳಗೆ ಮಾತ್ರ ಅದು ಬಿಚ್ಚಿಕೊಳ್ಳುತ್ತೆ: ತಲೆ ಮೇಲೆ ರೈನೋಫೋರ್ ಅನ್ನೋ ಎರಡು ಕೊಂಬು, ವಾಸನೆ ಹಿಡಿಯೋಕೆ, ಡೋರಿಡ್ ಗುಂಪಿನದಾದರೆ ಬೆನ್ನ ಹಿಂಭಾಗದಲ್ಲಿ ಹೂವಿನ ಹಾಗೆ ಅರಳಿದ ಕಿವಿರು. ಸ್ವಲ್ಪ ಮುಟ್ಟಿದರೆ ಹೂವು ಒಳಗೆ. ಎರಿಕ್ ಕ್ಯಾಂಡೆಲ್ 2000ದಲ್ಲಿ ನೊಬೆಲ್ ಹಂಚಿಕೊಂಡಿದ್ದು ಇಂಥದ್ದೇ ಒಂದು ಪ್ರತಿಕ್ರಿಯೆಯ ಬೆನ್ನು ಹತ್ತಿ. ಮುಟ್ಟಿದಾಗ ಸೀ ಹೇರ್ ಕಿವಿರನ್ನ ಒಳಗೆಳೆದುಕೊಳ್ಳೋದು, ಮತ್ತೆ ಮತ್ತೆ ಮುಟ್ಟಿದರೆ ಅದಕ್ಕೆ ಒಗ್ಗಿಹೋಗೋದು, ಆಗ ನರಕೋಶಗಳ ನಡುವಿನ ಕೊಂಡಿ ಬದಲಾಗೋದು. ಸುಮಾರು 20,000 ನರಕೋಶಗಳ ಪ್ರಾಣಿ ಅದು. ನ್ಯೂರಲ್ ನೆಟ್‌ವರ್ಕ್ ಅಸೈನ್‌ಮೆಂಟ್ ಬರೆಯೋ ನಾವು ನೆನಪು ಅಂದ್ರೆ ಏನು ಅಂತ ಕಲಿತಿದ್ದರಲ್ಲಿ ಈ ಲೋಳೆ ಪ್ರಾಣಿಯ ಪಾಲೂ ಇದೆ.

ನಮ್ಮ ಕಪ್ಪು ಮುದ್ದೆಯ ಸಮಸ್ಯೆ ಇರೋದೂ ಕಿವಿರಲ್ಲೇ. ಡೆಂಡ್ರೊಡೋರಿಸ್ ಫ್ಯುಮೇಟಾ ಕಪ್ಪಾಗಿರಬಹುದು, ಬೂದು, ಕಿತ್ತಳೆ, ಕೆಂಪೂ ಆಗಿರಬಹುದು. ನೈಗ್ರಾ ಕೂಡ ಕಪ್ಪು. ಬಣ್ಣದಿಂದ ಏನೂ ಹೇಳೋಕಾಗಲ್ಲ. ವ್ಯತ್ಯಾಸ ಕಾಣೋದು ಕಿವಿರು ಅರಳಿದಾಗ: ಫ್ಯುಮೇಟಾದಲ್ಲಿ ಕಿವಿರಿನ ಎಸಳು ಕಡಿಮೆ, ಆದರೆ ದೊಡ್ಡವು, ನೈಗ್ರಾದಲ್ಲಿ ಎಸಳು ಹೆಚ್ಚು, ಚಿಕ್ಕವು. ಎರಡೂ ತಂಡದವರು ಫೋಟೋ ತೆಗೆದಿದ್ದು ನೀರು ಬಸಿದುಹೋದ ಬಂಡೆ ಮೇಲೆ, ಕಿವಿರು ಒಳಗಿದ್ದಾಗ. ಅಂದ್ರೆ ಉತ್ತರ ಹೇಳಬಹುದಾದ ಒಂದೇ ಭಾಗ ಎರಡೂ ಫೋಟೋದಲ್ಲಿ ಇಲ್ಲ. ಆ ಫೋಟೋಗೆ ಸರಿಯಾದ ಉತ್ತರ ‘ಡೆಂಡ್ರೊಡೋರಿಸ್, ಅದರ ಮುಂದೆ ಹೇಳೋಕಾಗಲ್ಲ’. ಅದಕ್ಕೆ ಎರಡೇ ಅಂಕ. ಊಹೆ ಹೊಡೆದವರಿಗೆ ಐದು.

ಇದು ಒಂದು ಮುದ್ದೆಯ ಕಥೆ ಅಂತ ಬಿಡೋ ಹಾಗಿಲ್ಲ. ಎಲೀಸಿಯಾ ತಗೊಳ್ಳಿ. ಎಲೆಯ ಹಾಗೆ ಹಸಿರು, ಪಾಚಿಯ ರಸ ಹೀರಿ ಅದರ ಕ್ಲೋರೋಪ್ಲಾಸ್ಟ್‌ಗಳನ್ನ ತನ್ನ ಕೋಶದೊಳಗೇ ಇಟ್ಟುಕೊಳ್ಳೋ ಕಿಲಾಡಿ. ಅದರಲ್ಲಿ ಪ್ರಭೇದ ಬೇರೆ ಮಾಡಬೇಕಾದರೆ ಮಡಿಚಿದ ಎರಡು ರೆಕ್ಕೆಗಳ ಒಳಗಿನ ನಾಳಗಳ ಜಾಲ ನೋಡಬೇಕು, ಅಂಚಿನ ಬಣ್ಣ ನೋಡಬೇಕು, ಯಾವ ಪಾಚಿ ಮೇಲೆ ಕೂತಿತ್ತು ಅಂತ ಬರ್ಕೋಬೇಕು. ಮೇಲಿಂದ ತೆಗೆದ ಒಂದು ಫೋಟೋದಲ್ಲಿ ಇದರಲ್ಲಿ ಎಷ್ಟು ಸಿಗುತ್ತೆ? ಇನ್ನು ಕೆಲವರು ಬಣ್ಣ ಬಣ್ಣದ ಚಪ್ಪಟೆ ಹುಳವನ್ನೇ ಸೀ ಸ್ಲಗ್ ಅಂತ ಹಾಕಿದ್ದರು. ಅದು ಪೂರ್ತಿ ಬೇರೆ ವಂಶ. ಕಾಗದದಷ್ಟು ತೆಳು, ಕಿವಿರಿಲ್ಲ, ಕೊಂಬಿನ ಜಾಗದಲ್ಲಿ ಇರೋದು ಅಂಚಿನ ಮಡಿಕೆ ಅಷ್ಟೇ. ಬದಿಯಿಂದ ಒಂದು ಫೋಟೋ ತೆಗೆದಿದ್ದರೆ ಸಾಕಿತ್ತು.

‘ಆಪ್ ಹೇಳ್ತಲ್ಲ’ ಅಂತೀರ. ನಮಗೆ, ಅದೂ ಎಂಜಿನಿಯರಿಂಗ್ ಓದೋರಿಗೆ, ಈ ಮಾತು ಶೋಭೆಯಲ್ಲ. ಕ್ಲಾಸಿಫೈಯರ್ ಹೇಗೆ ಕೆಲಸ ಮಾಡುತ್ತೆ ಅಂತ ನಮಗೆ ಗೊತ್ತಿದೆ. ಅದು ತನಗೆ ಕಲಿಸಿದ ಹೆಸರುಗಳ ಪಟ್ಟಿಯಿಂದ ಒಂದನ್ನ ಆರಿಸುತ್ತೆ. ಸಾಫ್ಟ್‌ಮ್ಯಾಕ್ಸ್ ಎಲ್ಲ ಸಂಭವನೀಯತೆಯನ್ನ ಆ ಪಟ್ಟಿಯೊಳಗೇ ಹಂಚಿ ಒಟ್ಟು ಒಂದು ಮಾಡುತ್ತೆ. ಪಟ್ಟಿಯಲ್ಲೇ ಇಲ್ಲದ ಪ್ರಾಣಿ ಮುಂದೆ ಬಂದರೂ ಯಾವುದೋ ಒಂದಕ್ಕೆ ಹೆಚ್ಚು ಅಂಕ ಬೀಳಲೇಬೇಕು. ಹೆಚ್ಚು ಫೋಟೋ ಇರೋ ಪ್ರಭೇದ ಅದಕ್ಕೆ ಚೆನ್ನಾಗಿ ಗೊತ್ತು, ಕಡಿಮೆ ಫೋಟೋ ಇರೋದು ಗೊತ್ತೇ ಇಲ್ಲ. ಡೈವಿಂಗ್ ಮಾಡೋ ಪ್ರವಾಸಿಗರು ಹೆಚ್ಚಿರೋ ಹವಳದ ದಿಬ್ಬಗಳ ಫೋಟೋ ಎಷ್ಟಿರಬಹುದು, ನಮ್ಮ ಕಲಕು ನೀರಿನ ಬಂಡೆಗಳದ್ದು ಎಷ್ಟಿರಬಹುದು, ನೀವೇ ಯೋಚಿಸಿ. ಆಪನ್ನ ಬೈತಾ ಇಲ್ಲ ನಾನು. ಐನ್ಯಾಚುರಲಿಸ್ಟ್ ನೋಡಿದರೆ ಅದು ಮೊದಲ ಸಾಲಲ್ಲೇ ‘ಈ ಜೀನಸ್ ಅಂತ ಸಾಕಷ್ಟು ಖಾತ್ರಿ ಇದೆ’ ಅನ್ನೋ ಅರ್ಥದಲ್ಲಿ ಹೇಳಿ, ಕೆಳಗೆ ಸಾಧ್ಯತೆಗಳನ್ನ ಕೊಡುತ್ತೆ. ಆ ಮೊದಲ ಸಾಲನ್ನ ದಾಟಿ ಕೆಳಗಿನ ಹೆಸರು ಒತ್ತೋದು ನಮ್ಮ ಬೆರಳು.

ಹೆಚ್ಚು ತೊಂದರೆ ಆಗೋದು ಆಮೇಲೆ. ಅಲ್ಲಿ ಒಂದು ದಾಖಲೆ ‘ರಿಸರ್ಚ್ ಗ್ರೇಡ್’ ಆಗೋಕೆ ಫೋಟೋ, ದಿನ, ಜಾಗ ಇರಬೇಕು, ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಜನ ಒಂದೇ ಪ್ರಭೇದ ಅನ್ನಬೇಕು. ಇಬ್ಬರೇ ಇದ್ದರೆ ಇಬ್ಬರೂ ಒಪ್ಪಿದರೆ ಆಯ್ತು. ನಾನು ಹಾಕಿದೆ, ರೂಮ್‌ಮೇಟ್ ‘ಅಗ್ರೀ’ ಒತ್ತಿದ, ಮುಗೀತು. ಕಳೆದ ಸಲ ಸಂಜೆ ವಾಟ್ಸಾಪ್ ಗ್ರೂಪಲ್ಲಿ ಲಿಂಕ್‌ಗಳು ಓಡಾಡಿದ್ದು ಇದಕ್ಕೇ. ಹೀಗೆ ಪಾಸಾದ ದಾಖಲೆಗಳು ಜಿಬಿಐಎಫ್ ಅನ್ನೋ ಜಾಗತಿಕ ದತ್ತಸಂಚಯಕ್ಕೆ ಹೋಗ್ತವೆ, ಯಾರೋ ಸಂಶೋಧಕರು ಅದರಿಂದ ನಕ್ಷೆ ಮಾಡ್ತಾರೆ. ಜನ ಗುರುತಿಸಿದ ಫೋಟೋಗಳಿಂದಲೇ ಆಪ್‌ನ ಮುಂದಿನ ಮಾಡೆಲ್ ಕಲಿಯುತ್ತೆ. ಮಾಡೆಲ್ ಊಹಿಸಿದ್ದನ್ನ ನಾವು ನೋಡದೇ ಒಪ್ಪಿದ್ದು ಅದಕ್ಕೇ ಪಾಠವಾಗಿ ವಾಪಸ್ ಹೋಗುತ್ತೆ. ಫೀಡ್‌ಬ್ಯಾಕ್ ಲೂಪ್ ಕೆಟ್ಟರೆ ಏನಾಗುತ್ತೆ ಅಂತ ಇಸಿಇ ಗೆಳೆಯರು ಹೇಳ್ತಾರೆ ಬಿಡಿ. ಹವಳದ ಕಡಲಿನಲ್ಲಿ ಸಾವಿರ ಫೋಟೋ ನಡುವೆ ಒಂದು ತಪ್ಪು ಮುಳುಗಿಹೋಗಬಹುದು. ನಮ್ಮ ತೀರದಲ್ಲಿ ದಾಖಲೆಗಳೇ ಬೆರಳೆಣಿಕೆ ಇರೋ ಪ್ರಭೇದಕ್ಕೆ ನಾವು ಹಾಕಿದ ಒಂದು ತಪ್ಪೇ ಇಡೀ ಜಿಲ್ಲೆಯ ಇತಿಹಾಸ ಆಗಿಬಿಡಬಹುದು.

ಸಂಘಟಕರಲ್ಲಿ ಒಬ್ಬರು ಸೀನಿಯರ್ ಹತ್ತಿರ ಇದನ್ನ ಮಾತಾಡಿದೆ. ಅವರು ಹೇಳಿದ್ದು: “ಇದೊಂದು ಫೆಸ್ಟ್ ಈವೆಂಟ್ ಕಣೋ, ಪಿಎಚ್‌ಡಿ ಅಲ್ಲ. ಜನ ಕಡಲ ಹತ್ತಿರ ಬಂದು ಬಗ್ಗಿ ನೋಡಿದರಲ್ಲ, ಅಷ್ಟು ಸಾಕು. ಹೆಸರಿಗೆ ಅಂಕ ಇಲ್ಲ ಅಂದ್ರೆ ಯಾರು ಬರ್ತಾರೆ?” ಅರ್ಧ ನಿಜ. ಹೆಸರಿನ ಆಸೆ ಇರಲಿ, ಅದು ನನಗೂ ಇದೆ. ಹೆಸರು ಸಿಕ್ಕ ದಿನ ಮೆಸ್‌ನ ಉಪ್ಪಿಟ್ಟೂ ರುಚಿಯಾಗಿತ್ತು. ಆದರೆ ಬಗ್ಗಿ ನೋಡಿದರು ಅನ್ನೋದು ನನಗೆ ಒಪ್ಪಿಗೆಯಿಲ್ಲ. ಐದು ಅಂಕಕ್ಕೆ ಒಂದು ಕ್ಲಿಕ್ ಸಾಕಾದರೆ ಯಾರೂ ಎರಡನೇ ಕ್ಲಿಕ್ ಮಾಡಲ್ಲ, ಮುಂದಿನ ಹೊಂಡಕ್ಕೆ ಓಡ್ತಾರೆ. ಓಡಿದರು ಕೂಡ.

ಹಳಬರು ಹೇಗೆ ಮಾಡ್ತಿದ್ದರು ಅಂತ ಹುಡುಕುವಾಗ ವಾಲ್ಟರ್ ಎಲಿಯಟ್ ಸಿಕ್ಕ. ಈ ಹೆಸರು ನಮಗೆ ಹೊಸದಲ್ಲ, ಆದರೆ ಬೇರೆ ಪಾಠದ್ದು. 1824ರಲ್ಲಿ ಕಿತ್ತೂರಿನ ಮುಂದೆ ಥ್ಯಾಕರೆ ಸತ್ತಾಗ ಚೆನ್ನಮ್ಮನ ಕಡೆಯವರು ಸೆರೆ ಹಿಡಿದ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬ ಈತ. ಬಿಡುಗಡೆಯಾಗಿ, ವರ್ಷಗಳ ನಂತರ ಪೂರ್ವ ಕರಾವಳಿಯಲ್ಲಿ ಅಧಿಕಾರಿಯಾಗಿದ್ದಾಗ, ಈಗಿನ ವಿಶಾಖಪಟ್ಟಣದ ವಾಲ್ಟೇರ್ ತೀರದಲ್ಲಿ ಸೀ ಸ್ಲಗ್‌ಗಳನ್ನ ಸಂಗ್ರಹಿಸಿದ. ಸ್ಪಿರಿಟ್‌ನಲ್ಲಿ ಇಟ್ಟರೆ ಇವುಗಳ ಬಣ್ಣ ಹೋಗುತ್ತೆ, ಆಕಾರ ಕುಗ್ಗುತ್ತೆ. ಅದಕ್ಕೇ ಪ್ರಾಣಿಯ ಜೊತೆ ಚಿತ್ರಗಳೂ ಬೇಕಾದವು. 1864ರಲ್ಲಿ ಆಲ್ಡರ್ ಮತ್ತು ಹ್ಯಾನ್‌ಕಾಕ್ ಅನ್ನೋ ಇಂಗ್ಲೆಂಡಿನ ಇಬ್ಬರು ಅವನ ಸಂಗ್ರಹದ ಬಗ್ಗೆ ಬರೆದು, ಅದರಲ್ಲಿ ಒಂದಕ್ಕೆ ಕಲಿಂಗ ಆರ್ನೇಟಾ ಅಂತ ಹೆಸರಿಟ್ಟರು. ಕಲಿಂಗ, ಅಶೋಕನ ಕಲಿಂಗವೇ. ಆ ಹೆಸರು ಇವತ್ತಿಗೂ ಬಳಕೆಯಲ್ಲಿದೆ. ಬ್ರಿಟಿಷರ ಅಧಿಕಾರಿಗೆ ಮೆಡಲ್ ಕೊಡೋಕೆ ಇದನ್ನ ಹೇಳ್ತಿಲ್ಲ. ಪ್ರಾಣಿ, ಚಿತ್ರ, ಊರು ಎಲ್ಲ ಇದ್ದದ್ದರಿಂದ 160 ವರ್ಷದ ನಂತರವೂ ಯಾರಾದರೂ ಅದನ್ನ ತೆಗೆದು ಪರೀಕ್ಷಿಸಬಹುದು.

ಹೆಸರುಗಳು ಬದಲಾಗ್ತಾನೇ ಇರ್ತವೆ. ಕೆನೆ ಬಣ್ಣದ ಮೈ, ಅಲೆ ಅಲೆಯಾದ ಕಪ್ಪು ಅಂಚು ಇರೋ ಒಂದು ಸುಂದರಿಗೆ 1804ರಲ್ಲಿ ಕುವಿಯೆ ಡೋರಿಸ್ ಆಟ್ರೋಮಾರ್ಜಿನೇಟಾ ಅಂದ. ಆಮೇಲೆ ಬಹಳ ಕಾಲ ಅದು ಗ್ಲಾಸೊಡೋರಿಸ್ ಆಗಿತ್ತು. 2012ರಲ್ಲಿ ಡಿಎನ್‌ಎ ನೋಡಿ ಇಡೀ ಕುಟುಂಬವನ್ನೇ ಮರುಜೋಡಿಸಿದಾಗ ಡೋರಿಪ್ರಿಸ್ಮ್ಯಾಟಿಕಾ ಆಯ್ತು. ಉಂಗುರದ ಚುಕ್ಕೆಗಳ ಸೀ ಹೇರ್ ಒಂದಕ್ಕೆ ಹಳೇ ಪುಸ್ತಕಗಳಲ್ಲಿ ಅಪ್ಲೀಸಿಯಾ ಡ್ಯಾಕ್ಟೈಲೊಮೆಲಾ ಅಂತಿರುತ್ತೆ. ಈಗ ಆ ಹೆಸರು ಅಟ್ಲಾಂಟಿಕ್ ಕಡೆಯದಕ್ಕೆ, ನಮ್ಮ ಕಡೆಯ ಕಡಲಿನದು ಆರ್ಗಸ್. ಬರೀ ಹೆಸರು ಬರೆದಿಟ್ಟವರ ದಾಖಲೆ ಇಂಥ ದಿನ ಕೈ ಕೊಡುತ್ತೆ. ಕಿವಿರು, ಕೊಂಬು, ಅಂಚು, ಕೂತಿದ್ದ ಪಾಚಿ ಎಲ್ಲ ಇದ್ದರೆ ಹೆಸರು ನೂರು ಸಲ ಬದಲಾದರೂ ತೊಂದರೆ ಇಲ್ಲ.

ಹಾಗಾಗಿ ನನ್ನ ಕರಡು ನಿಯಮ ಹೀಗಿದೆ, ಸಂಘಟಕರಿಗೆ ಕಳಿಸಿದ್ದೀನಿ. ನೀರಿನೊಳಗೆ ಇದ್ದಾಗಲೇ, ಎತ್ತದೆ, ಕನಿಷ್ಠ ಮೂರು ಫೋಟೋ: ಮೇಲಿಂದ, ಬದಿಯಿಂದ, ಕಿವಿರು ಅಥವಾ ಕೊಂಬಿನ ಹತ್ತಿರದಿಂದ. ಇವಕ್ಕೆ ತಲಾ ಒಂದು ಅಂಕ. ಏನರ ಮೇಲೆ ಕೂತಿತ್ತು ಅಂತ ಒಂದು ಸಾಲು ಬರೆದರೆ, ಉದ್ದ ಎಷ್ಟು ಅಂತ ಸ್ಕೇಲ್ ಪಕ್ಕ ಇಟ್ಟು ತೋರಿಸಿದರೆ ಇನ್ನೆರಡು. ಹೆಸರಿಗೆ ಪ್ರತ್ಯೇಕ ಅಂಕವೇ ಬೇಡ. ಜೀನಸ್‌ಗೆ ನಿಲ್ಲಿಸಿ ‘ಯಾಕೆ ಇಲ್ಲಿ ನಿಲ್ಲಿಸಿದೆ’ ಅಂತ ಕಾರಣ ಕೊಟ್ಟವರಿಗೆ ಬೋನಸ್. ಐನ್ಯಾಚುರಲಿಸ್ಟ್‌ನಲ್ಲೂ ‘ಇರೋ ಪುರಾವೆಯಲ್ಲಿ ಇದಕ್ಕಿಂತ ಮುಂದೆ ಹೋಗೋಕಾಗಲ್ಲ’ ಅಂತ ಗುರುತು ಹಾಕೋ ಆಯ್ಕೆ ಇದೆ, ನಾನೇನೂ ಹೊಸದು ಕಂಡುಹಿಡಿದಿಲ್ಲ. ನೋಡದೇ ‘ಅಗ್ರೀ’ ಒತ್ತೋದು, ಮಗುಚಿದ ಕಲ್ಲು ಹಾಗೇ ಬಿಡೋದು: ಎರಡಕ್ಕೂ ತಂಡ ಔಟ್.

ಒಂದು ಅಂಕ ನಮ್ಮ ಸಂಘಕ್ಕಾಗಿ ಸೇರಿಸಿದ್ದೀನಿ. ಕಂಡ ಪ್ರಾಣಿಯನ್ನ ಕನ್ನಡದಲ್ಲಿ, ಎರಡು ವಾಕ್ಯದಲ್ಲಿ, ಫೋಟೋ ನೋಡದವರಿಗೂ ಕಾಣೋ ಹಾಗೆ ವರ್ಣಿಸಿದರೆ ಅದು. ಟ್ರೈ ಮಾಡಿ ನೋಡಿ. ‘ಸೂಪರ್ ಕಲರ್, ಕ್ಯೂಟ್ ಆಗಿತ್ತು’ ಅನ್ನೋದು ಬಿಟ್ಟು ಬೇರೆ ಮಾತು ಬೇಕಾದಾಗ ಕಣ್ಣು ತಾನಾಗೇ ವಾಪಸ್ ಹೊಂಡಕ್ಕೆ ಹೋಗುತ್ತೆ. ಅಂಚು ಯಾವ ಬಣ್ಣ ಇತ್ತು, ಕೊಂಬಿನ ತುದಿ ಬೆಳ್ಳಗಿತ್ತಾ ಅಂತ ಮತ್ತೆ ನೋಡಬೇಕಾಗುತ್ತೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಇದಕ್ಕೆ ಅರ್ಧ ಗಂಟೆ ಹಿಡೀತು. ಅಷ್ಟರಲ್ಲಿ ನೀರು ಏರಿತ್ತು.

ಮಳೆಗಾಲ ಮುಗಿದ ಮೇಲೆ, ಸ್ಪರ್ಧೆ ಅಂತ ಏನೂ ಇಲ್ಲದೆ, ನಾವು ನಾಲ್ಕೈದು ಜನ ಹುಣ್ಣಿಮೆ ಮರುದಿನ ಹೋಗೋದು ಅಂತ ಇದೆ. ಬರೋರು ಕ್ಲಬ್ ಗ್ರೂಪಲ್ಲಿ ಹೇಳಿ. ಪಾಚಿ ಮೇಲೆ ಜಾರದ ಚಪ್ಪಲಿ, ಒಂದು ಪ್ಲಾಸ್ಟಿಕ್ ಸ್ಕೇಲ್, ನೀರಿಗೆ ನೆನೆದರೂ ಪರವಾಗಿಲ್ಲ ಅನ್ನೋ ನೋಟ್‌ಬುಕ್ ತನ್ನಿ. ಶಂಕು ಆಕಾರದ ಚೆಂದದ ಚಿಪ್ಪು ಕಂಡರೆ ಮಾತ್ರ ಕೈ ಹಾಕಬೇಡಿ, ಒಳಗಿರೋನು ವಿಷದ ಬಾಣ ಬಿಡ್ತಾನೆ.